ಕೆಮ್ಮಿಲ್ಲದೆಯೂ ಟಿಬಿ ಬರುತ್ತದೆಯೇ?

ಪ್ರಶ್ನೆ: ಮಗಳಿಗೆ 15 ವರ್ಷ. ಮೂರು ತಿಂಗಳಿಂದ ಕುತ್ತಿಗೆಯ ಬಲಗಡೆ ಗಂಟುಗಳು ಎದ್ದಿವೆ, ನೋವಿಲ್ಲ. ಅದೇ ಕಡೆಯ ಕಿವಿ ಸೋರುತ್ತಿದೆ. ಹನಿ ಔಷಧಕ್ಕೂ ನಿಂತಿಲ್ಲ. ಡಾಕ್ಟರು ಟಿಬಿ ಇರಬಹುದು, ಸೂಜಿ ಚುಚ್ಚಿ ನೋಡಬೇಕು ಅಂದರು. ಅವಳಿಗೆ ಕೆಮ್ಮೇ ಇಲ್ಲವಲ್ಲ! ನಮ್ಮ ಅತ್ತೆ ಬರೆ ಹಾಕಿಸು ಅನ್ನುತ್ತಾರೆ. ಊರವರಿಗೆ ಗೊತ್ತಾದರೆ ನಾಳೆ ಮದುವೆಗೆ ತೊಡಕಾದೀತೆಂಬ ಭಯ.
– ಒಬ್ಬ ತಾಯಿ, ಕಕ್ಕೇರಾ

ಉತ್ತರ: ತಾಯಿ, ಆ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಟಿಬಿ ಬರೀ ಎದೆಯ ಕಾಯಿಲೆಯಲ್ಲ. ಶ್ವಾಸಕೋಶದ ಹೊರಗೆ ಅದು ಹೆಚ್ಚಾಗಿ ಕಾಣಿಸುವುದು ಕುತ್ತಿಗೆಯ ಗಂಟುಗಳಲ್ಲೇ. ಹಿರಿಯರು ಗಂಡಮಾಲೆ ಅನ್ನುತ್ತಿದ್ದುದು ಇದನ್ನೇ. ಕಿವಿ, ಟಾನ್ಸಿಲ್, ಧ್ವನಿಪೆಟ್ಟಿಗೆಗೆ ತಗಲುವುದು ಅಪರೂಪ. ಸೋರುವ ಕಿವಿಯೆಲ್ಲ ಟಿಬಿಯಲ್ಲ; ಆದರೆ ನೋವಿಲ್ಲದೆ ಸೋರುತ್ತ, ಔಷಧಕ್ಕೆ ಬಗ್ಗದೆ, ಜೊತೆಗೆ ಗಂಟೂ ಇದ್ದರೆ ಅನುಮಾನ ಪಡಲೇಬೇಕು.

ಗಂಟಿನಿಂದ ಸೂಜಿಯಲ್ಲಿ ತೆಗೆದದ್ದನ್ನೂ ಕಿವಿಯ ಸ್ರಾವವನ್ನೂ ಸಿಬಿನಾಟ್ ಪರೀಕ್ಷೆಗೆ ಕಳಿಸಲು ಕೇಳಿ. ರೋಗಾಣು ಸಿಕ್ಕರೆ, ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ. ಎದೆಯ ಎಕ್ಸ್‌ರೇ ಬಿಡಬೇಡಿ. ಗಂಟಿನಲ್ಲಷ್ಟೇ ಇರುವ ಟಿಬಿ ಇನ್ನೊಬ್ಬರಿಗೆ ಹರಡದು. ಶ್ವಾಸಕೋಶ, ಧ್ವನಿಪೆಟ್ಟಿಗೆಯದು ಹರಡುತ್ತದೆ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ, ದನಿ ಒಡೆದಿದ್ದರೆ ಅವರನ್ನೂ ತೋರಿಸಿ.

ಅತ್ತೆಯವರಿಗೆ ಸಮಾಧಾನದಿಂದ ಹೇಳಿ: ಬರೆಯಿಂದ ಚರ್ಮ ಸುಡುತ್ತದೆ, ಒಳಗಿನ ರೋಗಾಣು ಸಾಯುವುದಿಲ್ಲ. ಸಿಕ್ಕಸಿಕ್ಕವರ ಕೈಲಿ ಗಂಟು ಕೊಯ್ಯಿಸಿದರೆ ತಿಂಗಳುಗಟ್ಟಲೆ ಸೋರುವ ಹುಣ್ಣಾದೀತು.

ಟಿಬಿ ಎಂದು ಖಚಿತವಾದರೆ ಸಾಮಾನ್ಯವಾಗಿ 6 ತಿಂಗಳ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಮೂತ್ರ ಕೆಂಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಕಣ್ಣು ಮಂಜಾದರೆ, ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಕ್ಷಣ ಹೋಗಿ. ನಡುವೆ ಗಂಟು ದೊಡ್ಡದಾಗಬಹುದು, ಹೊಸದೂ ಏಳಬಹುದು. ಔಷಧ ಸೋತಿತೆಂದು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಎರಡೇ ತಿಂಗಳಲ್ಲಿ ಗಂಟು ಕರಗಿದರೂ ಮಾತ್ರೆ ಮುಗಿಸಲೇಬೇಕು.

ಊರಿಗೆಲ್ಲ ಹೇಳುವ ಅಗತ್ಯವಿಲ್ಲ. ಆಸ್ಪತ್ರೆಗೆ ಹೋಗುವ ದಿನ ರಜೆ ಕೊಡಲು ಕ್ಲಾಸ್ ಟೀಚರಿಗೆ ತಿಳಿಸಿದರೆ ಸಾಕು. ಮದುವೆಗೆ 18 ಆಗುವ ತನಕ ಕಾನೂನೇ ಒಪ್ಪದು, ಅಷ್ಟರಲ್ಲಿ ಗುಣವಾಗಿ ವರ್ಷಗಳೇ ಕಳೆದಿರುತ್ತವೆ. ಈಗ ಅವಸರ ಬೇಕಾದದ್ದು ಕಿವಿಗೆ: ಟಿಬಿ ಒಳಗಿನ ಮೂಳೆ ತಿಂದರೆ, ಕಳೆದ ಕೇಳುವ ಶಕ್ತಿ ಮಾತ್ರೆಯಿಂದ ಪೂರ್ತಿ ಮರಳದು.