ಉದ್ರಿ ಪುಸ್ತಕದಿಂದ ಕಲಿಯುವ ಯಂತ್ರ

ಕೃತಕ ಬುದ್ಧಿಮತ್ತೆ ಸೈನ್ಸ್‌ನವರ ಪಾಠ, ಕಾಮರ್ಸ್‌ನವರಿಗೆ ಅದರಲ್ಲಿ ಏನು ಕೆಲಸ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಐಐಟಿ ಮದ್ರಾಸ್ ಸ್ವಯಂ ಪ್ಲಸ್‌ನಲ್ಲಿ ಅಕೌಂಟಿಂಗ್‌ಗೆಂದೇ ಒಂದು ಉಚಿತ ಎಐ ಕೋರ್ಸ್ ಇಟ್ಟಿದೆ. ಎಐನ ಆರಂಭದ ಪಾಠಗಳಲ್ಲಿ ಒಂದು ಪರ್ಸೆಪ್ಟ್ರಾನ್. ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ಇದನ್ನು ವಿವರಿಸಿದರು. ಕೂಡುವುದು, ಕಳೆಯುವುದು ಬಂದರೆ ಸಾಕು.

ಬೇಮಳಖೇಡದಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ. ಉದ್ರಿ ಕೊಡಬೇಕೋ ಬೇಡವೋ? ನಮ್ಮ ಮನೆಯಲ್ಲಿ ಇದಕ್ಕೆ ಉಧಾರ್ ಅನ್ನುತ್ತೇವೆ. ಯಂತ್ರ ಮೂರು ಪ್ರಶ್ನೆ ಕೇಳುತ್ತದೆ: ಗಿರಾಕಿ ಹಳಬರೇ? ಖಾತೆಯಲ್ಲಿ ಬಾಕಿ ಶೂನ್ಯವೇ? ಹೊಲದಲ್ಲಿ ತೊಗರಿ ಇದೆಯೇ? ಪ್ರತಿ ಹೌದಿಗೆ ಒಂದು ತೂಕ. ಮೊದಲು ಎಲ್ಲಕ್ಕೂ 1. ಮೊತ್ತ 2 ಆದರೆ ಕೊಡು, ಕಡಿಮೆಯಾದರೆ ಬೇಡ. ತಪ್ಪಾಗಿ ಕೊಟ್ಟರೆ ಹೌದು ಎಂದ ಪ್ರಶ್ನೆಗಳ ತೂಕದಲ್ಲಿ 1 ಕಳೆ, ತಪ್ಪಾಗಿ ನಿರಾಕರಿಸಿದರೆ 1 ಕೂಡಿಸು.

ಮೊದಲನೆಯವರು ಹಳಬರು, ತೊಗರಿ ಇದೆ, ಬಾಕಿಯೂ ಇದೆ. ಮೊತ್ತ 2, ಯಂತ್ರ ಕೊಟ್ಟಿತು, ಅವರು ತೀರಿಸಲಿಲ್ಲ. ಹಳಬರು 0, ತೊಗರಿ 0 ಆಯಿತು. ಎರಡನೆಯವರು ಹೊಸಬರು, ಹೊಲವಿಲ್ಲ, ಬಾಕಿ ಶೂನ್ಯ. ಮೊತ್ತ 1, ಯಂತ್ರ ಬೇಡ ಅಂದಿತು. ಪುಸ್ತಕದ ಪ್ರಕಾರ ಅವರು ತೀರಿಸಿದ್ದರು. ಬಾಕಿ ಶೂನ್ಯದ ತೂಕ 2 ಆಯಿತು. ಈಗ ಇಬ್ಬರಿಗೂ ಉತ್ತರ ಸರಿ. ಎರಡೇ ತಪ್ಪಿನಲ್ಲಿ ಕಲಿತಿತು!

ಈಗ ನಾಲ್ಕನೆಯ ಪ್ರಶ್ನೆ ಸೇರಿಸಿ: ಗಿರಾಕಿ ನಮ್ಮ ಓಣಿಯವರೇ? ತೂಕ 0. ಮೂರನೆಯವರು ಅಮ್ಮಿ. ಬಾಕಿ ಶೂನ್ಯ, ಮೊತ್ತ 2, ಯಂತ್ರ ಕೊಡು ಅನ್ನುತ್ತದೆ. ಪುಸ್ತಕದಲ್ಲಿ ಮಾತ್ರ 'ಬೇಡ' ಎಂದಿದೆ, ಏಕೆಂದರೆ ಅಂಗಡಿಯವರು ನಮ್ಮ ಓಣಿಗೆ ಉದ್ರಿ ಕೊಡುವುದೇ ಇಲ್ಲ. (ಇದು ನಿಜವಾಗಿ ನಡೆದದ್ದು, ಅಂಗಡಿಯ ಹೆಸರು ಬೇಡ.) ಯಂತ್ರ ಇದನ್ನು ತನ್ನ ತಪ್ಪು ಎಂದು ತಿಳಿದು 1 ಕಳೆಯುತ್ತದೆ: ಬಾಕಿ ಶೂನ್ಯ 1, ಓಣಿ -1. ಎರಡನೆಯವರು ಮತ್ತೆ ಬಂದಾಗ ಮೊತ್ತ 1, ಅದು ತಪ್ಪು. ತಿದ್ದಿದ ಮೇಲೆ ಬಾಕಿ ಶೂನ್ಯ 2. ಅಮ್ಮಿಗೆ 2 - 1 = 1. ಬೇಡ. ಯಂತ್ರ ಅಲ್ಲಿಗೆ ನಿಂತಿತು, ಎಲ್ಲ ಉತ್ತರವೂ ಪುಸ್ತಕದಂತೆಯೇ 'ಸರಿ'.

ಓಣಿಯ ಕಾಲಂ ಅಳಿಸಿದರೆ? ಬರೀ ಬಾಕಿ ಶೂನ್ಯ ಇರುವ ಇಬ್ಬರಲ್ಲಿ ಒಬ್ಬರಿಗೆ ಕೊಡು, ಒಬ್ಬರಿಗೆ ಬೇಡ ಎಂದಾಗುತ್ತದೆ. ತೂಕ 2, 1, 2, 1 ಎಂದು ಓಲಾಡುತ್ತದೆ, ಎಂದೂ ನಿಲ್ಲುವುದಿಲ್ಲ. ಮಾಡಿ ನೋಡಿ.

ತಪ್ಪು ಇರುವುದು ಉತ್ತರದ ಕಾಲಂನಲ್ಲಿ. 'ತೀರಿಸಲಿಲ್ಲ' ಬೇರೆ, 'ಕೊಡಲೇ ಇಲ್ಲ' ಬೇರೆ. ಪುಸ್ತಕ ಎರಡಕ್ಕೂ 'ಬೇಡ' ಎಂದೇ ಬರೆದಿದೆ. ಕೊಡದೇ ಇದ್ದವರ ಸಾಲುಗಳನ್ನು ತೆಗೆದು ಮೊದಲಿನಿಂದ ಕಲಿಸಿದರೆ ಓಣಿಯ ತೂಕ 0 ಆಗಿಯೇ ಉಳಿಯುತ್ತದೆ, ಅಮ್ಮಿಯ ಮೊತ್ತ 2.