ಗುಂಡಿಗೆ ತಕ್ಕಂತೆ ಫೋರ್ಕ್ ಹೊಂದಿಸಿಕೊಳ್ಳಿ

ಬೆಳಿಗ್ಗೆ ಎಂಟೂವರೆಗೆ ಗ್ರಾಫೈಟ್ ಇಂಡಿಯಾ ಸಿಗ್ನಲ್ ದಾಟಿ ಹೂಡಿ ಕಡೆಗೆ ಹೊರಡುವ ಸೈಕಲ್ ಸವಾರರನ್ನು ಒಮ್ಮೆ ನಿಂತು ನೋಡಿ. ಹಲವರ ಸೈಕಲ್ಲಿನ ಮುಂದಿನ ಚಕ್ರಕ್ಕೆ ಸಸ್ಪೆನ್ಷನ್ ಫೋರ್ಕ್ ಇರುತ್ತದೆ. ಆದರೂ ಗುಂಡಿ ಕಂಡ ಕೂಡಲೇ ಹ್ಯಾಂಡಲ್ ಅನ್ನು ಬಲಕ್ಕೆ ಎಳೆಯುತ್ತಾರೆ. ಹಿಂದೆ ನೀರಿನ ಟ್ಯಾಂಕರ್ ಬರುತ್ತಿದೆಯೋ, ಕಂಪನಿ ಕ್ಯಾಬ್ ಬರುತ್ತಿದೆಯೋ ತಿರುಗಿ ನೋಡುವುದಿಲ್ಲ. ಯಾಕೆ ಹಾಗೆ ಹೊರಳಿದಿರಿ ಎಂದು ಕೇಳಿದರೆ ‘ಕೈಯೆಲ್ಲ ಜುಮ್ಮೆನ್ನುತ್ತೆ ಸಾರ್’ ಎನ್ನುತ್ತಾರೆ. ಅವರ ಸೈಕಲ್ಲಿನ ಹ್ಯಾಂಡಲ್ ಒತ್ತಿ ನೋಡಿದರೆ ಫೋರ್ಕ್ ಕಲ್ಲಿನ ಹಾಗೆ ಗಟ್ಟಿ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಮಹದೇವಪುರದ ರಸ್ತೆಗಳಲ್ಲಿ ಗುಂಡಿಗಿಂತ ಈ ಹೊರಳುವಿಕೆಯೇ ಹೆಚ್ಚು ಅಪಾಯ.

ಸೈಕಲ್ಲಿಗೆಂದೇ ದಾರಿ ಬಂದೀತು ಎಂದು ಕಾಯುತ್ತ ಕೂರುವಂತಿಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿತ್ತು. ಅದರೊಳಗೆ ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಬಂತು, ಪಥ ಉಳಿಯಲಿಲ್ಲ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ನಮ್ಮ ಸೈಕಲ್ ಮಾತ್ರ.

ಮೊದಲು ಟೈರಿನ ಗಾಳಿ ಸರಿಪಡಿಸಿಕೊಳ್ಳಿ. ಟೈರಿನ ಬದಿಯಲ್ಲಿ ಎಷ್ಟು ಪಿಎಸ್‌ಐ ಎಂದು ಬರೆದಿರುತ್ತದೆ. ಅಲ್ಲಿರುವ ಗರಿಷ್ಠ ಅಂಕಿಯವರೆಗೂ ಗಾಳಿ ತುಂಬಿಸಿದರೆ ಸಣ್ಣ ಅದುರಾಟವೆಲ್ಲ ನೇರ ಕೈಗೆ ಬರುತ್ತದೆ.

ಮುಂದಿನದು ಸ್ಯಾಗ್. ನೀವು ಹತ್ತಿ ಕುಳಿತಾಗ ನಿಮ್ಮ ಭಾರಕ್ಕೇ ಫೋರ್ಕ್ ಎಷ್ಟು ಕುಗ್ಗುತ್ತದೆ ಎಂಬುದರ ಅಳತೆ ಅದು. ಫೋರ್ಕಿನ ಹೊಳೆಯುವ ಒಳಕೊಳವೆಗೆ ಒಂದು ಕೇಬಲ್ ಟೈಯನ್ನು ಸುಲಭವಾಗಿ ಜಾರುವಷ್ಟು ಸಡಿಲವಾಗಿ ಕಟ್ಟಿ, ಕೆಳಗಿನ ರಬ್ಬರ್ ಸೀಲಿಗೆ ತಾಗುವಂತೆ ಇಳಿಸಿ. ಗೋಡೆಗೆ ಮೊಣಕೈ ಆನಿಸಿ ಮೆಲ್ಲಗೆ ಹತ್ತಿ, ದಿನಾ ಓಡಿಸುವ ಭಂಗಿಯಲ್ಲೇ ಕೂರಿ. ಲ್ಯಾಪ್‌ಟಾಪ್ ಚೀಲ ಬೆನ್ನ ಮೇಲಿರಲಿ. ಮುಂದಿನ ಬ್ರೇಕ್ ಹಿಡಿಯಬೇಡಿ. ಹಾಗೆಯೇ ಮೆಲ್ಲಗೆ ಇಳಿದು, ಟೈಗೂ ಸೀಲಿಗೂ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ಫೋರ್ಕಿನ ಒಟ್ಟು ಓಟ, ಅಂದರೆ ಅದು ಕುಗ್ಗಬಲ್ಲ ಪೂರ್ತಿ ದೂರ, 100 ಮಿ.ಮೀ. ಇದ್ದರೆ ಈ ಅಂತರ 20ರಿಂದ 25 ಮಿ.ಮೀ. ಇರಬೇಕು. 80 ಮಿ.ಮೀ. ಆದರೆ 16ರಿಂದ 20. ನಮ್ಮ ರಸ್ತೆಗಳಿಗೆ ಹೆಚ್ಚಿನ ಅಂಕಿಯೇ ಒಳ್ಳೆಯದು ಎಂಬುದು ನನ್ನ ಅನುಭವ.

ಬಹಳ ಮಂದಿ ಎಡವುವುದು ಇಲ್ಲಿಂದ ಮುಂದೆ. ಸ್ಪ್ರಿಂಗ್ ಫೋರ್ಕಿನ ನೆತ್ತಿಯ ಮೇಲೆ ಪ್ಲಸ್, ಮೈನಸ್ ಗುರುತಿನ ತಿರುಪು ಇರುತ್ತದೆ. ಹೆಸರು ಪ್ರಿಲೋಡ್. ಪ್ಲಸ್ ಕಡೆಗೆ ತಿರುಗಿಸಿದರೆ ಸ್ಪ್ರಿಂಗ್ ಬಲವಾಗುತ್ತದೆ, ಪೆಡಲ್ ಹಗುರಾಗುತ್ತದೆ ಎಂದು ನಂಬಿ ಕೊನೆಯವರೆಗೂ ಬಿಗಿದುಬಿಡುತ್ತಾರೆ. ಸ್ಪ್ರಿಂಗ್ ಬಲವಾಗುವುದಿಲ್ಲ. ಅದು ಕುಗ್ಗಲು ಶುರುಮಾಡುವ ಭಾರ ಮಾತ್ರ ಏರುತ್ತದೆ. ಪರಿಣಾಮವಾಗಿ, ನೀವು ಕುಳಿತಾಗಲೂ ಫೋರ್ಕ್ ಪೂರ್ತಿ ನೀಳವಾಗಿಯೇ ನಿಂತಿರುತ್ತದೆ.

ಸಸ್ಪೆನ್ಷನ್ ಇರುವುದು ಹಂಪಿಗೆ ಎಂದುಕೊಂಡವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಂಪು ಚಕ್ರವನ್ನು ಮೇಲಕ್ಕೆ ಒತ್ತುತ್ತದೆ, ಫೋರ್ಕ್ ಕುಗ್ಗುತ್ತದೆ, ಸರಿ. ಗುಂಡಿಯಲ್ಲಿ ಚಕ್ರ ಕೆಳಕ್ಕೆ ಇಳಿಯಬೇಕಲ್ಲವೇ? ಮೊದಲೇ ಕುಗ್ಗಿದ ಆ 20–25 ಮಿ.ಮೀ. ಇದ್ದರೆ ತಾನೇ ಫೋರ್ಕ್ ನೀಳವಾಗಿ ಚಕ್ರವನ್ನು ಗುಂಡಿಯೊಳಕ್ಕೆ ಇಳಿಸುವುದು? ಸ್ಯಾಗ್ ಇಲ್ಲದ ಫೋರ್ಕಿನಲ್ಲಿ ಚಕ್ರ ಕ್ಷಣಕಾಲ ಗಾಳಿಯಲ್ಲಿ ತೇಲುತ್ತದೆ. ಆ ಹೊತ್ತಿನಲ್ಲಿ ಮುಂದಿನ ಬ್ರೇಕೂ ಹಿಡಿಯದು, ಹ್ಯಾಂಡಲೂ ಕೇಳದು. ಮರುಕ್ಷಣವೇ ಗುಂಡಿಯ ಆಚೆ ಅಂಚು ರಿಮ್ಮಿಗೆ ಬಡಿಯುತ್ತದೆ. ಸಿಂಗಯ್ಯನಪಾಳ್ಯದ ಹತ್ತಿರ, ಮೆಟ್ರೊ ಕಂಬಗಳ ನೆರಳಿನಲ್ಲಿ, ನಾನು ಬಿದ್ದದ್ದು ಹೀಗೆಯೇ. ಆಗ ನನ್ನ ತಿರುಪೂ ಕೊನೆಯವರೆಗೆ ಬಿಗಿದಿತ್ತು.

ಆದ್ದರಿಂದ ತಿರುಪನ್ನು ಪೂರ್ತಿ ಮೈನಸ್‌ಗೆ ತಂದು ಅಲ್ಲಿಂದ ಅಳೆಯಲು ಶುರುಮಾಡಿ. ಸ್ಯಾಗ್ ಹೆಚ್ಚಿದ್ದರೆ ಒಂದೊಂದೇ ಸುತ್ತು ಬಿಗಿಯಿರಿ. ಪೂರ್ತಿ ಬಿಗಿದರೂ 30 ಮಿ.ಮೀ. ದಾಟಿ ಕುಗ್ಗುತ್ತಿದ್ದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕಲ್ಲ, ಬದಲಾಯಿಸಬೇಕು. ಗಾಳಿ ಫೋರ್ಕ್ ಇರುವವರು ಶಾಕ್ ಪಂಪಿನಿಂದ ಐದೈದು ಪಿಎಸ್‌ಐ ಏರಿಳಿಸಿ ನೋಡಿ. ಪೆಟ್ರೋಲ್ ಬಂಕಿನ ಗಾಳಿ ಯಂತ್ರವನ್ನು ಅದರ ಹತ್ತಿರಕ್ಕೂ ತರಬೇಡಿ.

ಕುಗ್ಗಿದ ಫೋರ್ಕ್ ಮರಳುವ ವೇಗ ಹೊಂದಿಸುವ ರಿಬೌಂಡ್ ತಿರುಪು ಇದ್ದರೆ ಹ್ಯಾಂಡಲ್ ಜೋರಾಗಿ ಒತ್ತಿ ಬಿಡಿ. ಚಕ್ರ ನೆಲದಿಂದ ಪುಟಿದರೆ ನಿಧಾನದ ಕಡೆಗೆ ಒಂದೆರಡು ಕ್ಲಿಕ್ ತಿರುಗಿಸಿ. ಫೋರ್ಕ್ ಕುಗ್ಗದಂತೆ ತಡೆಯುವ ಲಾಕ್‌ಔಟ್ ಇರುವುದು ನಯವಾದ ಏರಿಗೆ ಮಾತ್ರ, ಉಳಿದಂತೆ ತೆರೆದೇ ಇರಲಿ.

ಹೊಂದಿಸಿದ ಮೇಲೆ ಭಾನುವಾರ ಬೆಳಿಗ್ಗೆ ಖಾಲಿ ಬೀದಿಯಲ್ಲಿ ಅಭ್ಯಾಸ ಮಾಡಿ. ಮೆದುವಾದ ಫೋರ್ಕ್ ಬ್ರೇಕ್ ಹಾಕಿದಾಗ ಮುಂದಕ್ಕೆ ಬಾಗುತ್ತದೆ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವುದು ರೂಢಿಯಾಗಲಿ. ಸಣ್ಣ ಗುಂಡಿಗೆ ಹೊರಳದೆ ನೇರ ಹೋಗಿ: ಪೆಡಲ್ ಎರಡೂ ಸಮಮಟ್ಟದಲ್ಲಿರಲಿ, ಸೀಟಿನಿಂದ ಸ್ವಲ್ಪ ಎದ್ದು ಮೊಣಕೈ ಮಡಿಸಿ, ಗುಂಡಿಗೆ ಇಳಿಯುವ ಮೊದಲೇ ಬ್ರೇಕ್ ಬಿಡಿ. ದೊಡ್ಡ ಗುಂಡಿಯಾದರೆ ದೂರದಿಂದಲೇ ಹಿಂತಿರುಗಿ ನೋಡಿ, ಕೈ ತೋರಿಸಿ, ನಿಧಾನವಾಗಿ ಸರಿಯಿರಿ.

ಚರಂಡಿ ಅಂಚಿಗೆ ಅಂಟಿಕೊಂಡು ಓಡಿಸಬೇಡಿ, ಅಲ್ಲಿರುವುದು ಜಲ್ಲಿ ಮತ್ತು ಮುರಿದ ಚಪ್ಪಡಿ. ಅಂಚಿನಿಂದ ಒಂದು ಮೀಟರ್ ಬಿಟ್ಟು ಒಂದೇ ಗೆರೆಯಲ್ಲಿ ಹೋಗಿ. ಬಸ್ಸಿನ ಎಡಕ್ಕೆ ಎಂದೂ ನುಗ್ಗಬೇಡಿ. ಅಪಾರ್ಟ್‌ಮೆಂಟ್ ಗೇಟಿಗೆ ತಿರುಗುವ ಟ್ಯಾಂಕರಿನ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗಿಂದ ಹಾಯುತ್ತದೆ, ಅದರ ಎಡಬದಿಯೂ ಬೇಡ. ಯೂ-ಟರ್ನ್ ಉಳಿಸಲು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೋಗುವವರನ್ನು ನಾನು ಒಪ್ಪುವುದಿಲ್ಲ.

ಸಂಜೆಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ವಾರಕ್ಕೊಮ್ಮೆ ಫೋರ್ಕಿನ ಒಳಕೊಳವೆಯ ದೂಳು ಒರೆಸಿ. ಮಳೆನೀರು ನಿಂತ ರಸ್ತೆಗೆ ಇಳಿಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಸೀಮೆ ಇದು, ನೀರಿನಡಿ ಬಾಯ್ತೆರೆದ ಚರಂಡಿ ಕಾಣುವುದಿಲ್ಲ. ಅಂಥ ದಿನ ಸೈಕಲ್ ಮನೆಯಲ್ಲೇ ಬಿಟ್ಟು ಮೆಟ್ರೊ ಹತ್ತಿ. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ 2023ರ ಮಾರ್ಚ್‌ನಿಂದ ಅದು ಓಡುತ್ತಿದೆ.