ಕ್ರ್ಯಾಂಕ್‌ಕೇಸಿನ ಒತ್ತಡಕ್ಕೆ ದಾರಿ ಬಿಡಿ

ಹೋಂಡಾ ಎಸ್2000ರ ಮೊದಲ 2 ಲೀಟರ್ ಎಂಜಿನ್ ನಿಮಿಷಕ್ಕೆ 9,000 ಸುತ್ತಿನ ಹತ್ತಿರ ತಿರುಗುತ್ತದೆ. ಇಂಥ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗುಗಳ ಸಂದಿಯಿಂದ ಕ್ರ್ಯಾಂಕ್‌ಕೇಸಿಗೆ ನುಸುಳಿದ ಅನಿಲಕ್ಕೆ ದಾರಿ ಸಿಗದಿದ್ದರೆ ಅದು ಆಯಿಲ್ ಸೀಲನ್ನೇ ತಳ್ಳುತ್ತದೆ. ಆ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಇದೆಯಲ್ಲ ಎನ್ನಬೇಡಿ. ಅದು ಕೆಲಸ ಮಾಡುವುದು ಇಂಟೇಕಿನ ನಿರ್ವಾತದಿಂದ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆ ಎಳೆತ ಇರುವುದೇ ಇಲ್ಲವೆನ್ನಬಹುದು. ಕಾಲು ತೆಗೆದೊಡನೆ ನಿರ್ವಾತ ಜೋರಾಗುತ್ತದೆ, ವಾಲ್ವ್ ಕೆಟ್ಟಿದ್ದರೆ ಆಯಿಲೂ ಇಂಟೇಕಿನೊಳಗೆ ಹೋಗುತ್ತದೆ. ಟ್ರ್ಯಾಕಿಗೆ ಇಳಿಯುವ ಮುನ್ನ ಆ ಅಗ್ಗದ ವಾಲ್ವ್ ಬದಲಿಸಿ. ಅನಿಲದ ಜೊತೆ ಬರುವ ಆಯಿಲ್ ಹಿಡಿದಿಡುವ ಕ್ಯಾಚ್ ಕ್ಯಾನ್ ಆಮೇಲಿನ ಮಾತು (ಹೊಳೆಯುವ ಖಾಲಿ ಡಬ್ಬಿ ಸಾಲದು, ಒಳಗೆ ತಡೆಗಳಿರಬೇಕು). ಬ್ರೀದರ್ ಪೈಪನ್ನಂತೂ ಎಂದೂ ಮುಚ್ಚಬೇಡಿ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿಸಿ ಆಯಿಲ್ ಸುರಿದರೆ ಕ್ರ್ಯಾಂಕ್ ಅದನ್ನು ಮೊಸರಿನಂತೆ ಕಡೆದು ನೊರೆ ಎಬ್ಬಿಸುತ್ತದೆ. ಇಷ್ಟಾದರೂ ಕ್ಯಾನ್ ಬೇಗಬೇಗ ತುಂಬುತ್ತಿದೆಯೇ? ಲೀಕ್‌ಡೌನ್ ಟೆಸ್ಟ್ ಮಾಡಿಸಿ, ರಿಂಗು ಸವೆದಿರಬಹುದು.